ನಡುರಾತ್ರಿ ಮೋರಿ ಸೇರುತ್ತಿದ್ದ ನೀರು: ವಾಟರ್ ಸಾಫ್ಟನರ್ ಇರುವ ಮನೆಗಳವರಿಗೆ ಒಂದು ಎಚ್ಚರಿಕೆ

ಮನೆಗೆ ವಾಟರ್ ಸಾಫ್ಟನರ್ (ಗಡಸು ನೀರನ್ನು ಮೆದುಗೊಳಿಸುವ ಯಂತ್ರ) ಹಾಕಿಸಿಕೊಂಡಿರುವವರೂ ಹಾಕಿಸಬೇಕೆಂದಿರುವವರೂ ಇದನ್ನು ದಯವಿಟ್ಟು ಪೂರ್ತಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಈ ಯಂತ್ರ ತನ್ನನ್ನು ತಾನು ತೊಳೆದುಕೊಳ್ಳಲು ಎಷ್ಟು ನೀರು ತೆಗೆದುಕೊಳ್ಳುತ್ತದೆ, ಎಷ್ಟು ದಿನಕ್ಕೊಮ್ಮೆ ತೆಗೆದುಕೊಳ್ಳುತ್ತದೆ ಎಂಬ ಎರಡು ಪ್ರಶ್ನೆಗಳನ್ನು ನಾವು ಕೇಳದೇ ಹೋದೆವು. ಅದರಿಂದಾಗಿ ಏಳು ತಿಂಗಳ ಕಾಲ ಪ್ರತಿ ರಾತ್ರಿ ಸುಮಾರು 270 ಲೀಟರ್ ನೀರು ನಮ್ಮ ಮನೆಯ ಮೋರಿಗೆ ಹರಿದುಹೋಯಿತು. ಮೂವರಿರುವ ನಮ್ಮ ಮನೆಯ ಇಡೀ ದಿನದ ಬಳಕೆಯೇ 600 ಲೀಟರ್ ಆಸುಪಾಸಿನಲ್ಲಿದೆ.

ಯಂತ್ರ ಬಂದ ಮೊದಲ ದಿನಗಳಲ್ಲಿ ನಮಗೆ ಸಂತೋಷವೇ ಆಗಿತ್ತು. ನಲ್ಲಿಗಳ ಮೇಲೆ ಬಿಳಿ ಪದರ ಕಟ್ಟುವುದು ನಿಂತಿತು, ಸೋಪು ಚೆನ್ನಾಗಿ ನೊರೆ ಬರತೊಡಗಿತು. ಆದರೆ ನೀರಿನ ಬಿಲ್ಲು ಏರುತ್ತ ಹೋಯಿತು. ಫ್ಲಶ್ ಟ್ಯಾಂಕ್ ಸೋರುತ್ತಿದೆಯೇ ಎಂದು ಅದರೊಳಗೆ ಬಣ್ಣ ಕಲಸಿ ನೋಡಿದೆವು. ಪ್ಲಂಬರ್ ಬಂದು ಎಲ್ಲ ನಲ್ಲಿಗಳನ್ನೂ ಪರೀಕ್ಷಿಸಿ ಹೋದರು. ಮಗಳು ಹೆಚ್ಚು ಹೊತ್ತು ಸ್ನಾನ ಮಾಡುತ್ತಾಳೆಂದು ಅವಳನ್ನು ಗದರಿದ್ದನ್ನು ನೆನೆದರೆ ಈಗಲೂ ಮನಸ್ಸಿಗೆ ನೋವಾಗುತ್ತದೆ. ಉಪ್ಪಿನ ವಿಷಯದಲ್ಲಾದರೂ ನನಗೆ ಅನುಮಾನ ಬರಬೇಕಿತ್ತು. ಯಂತ್ರಕ್ಕೆ ಹಾಕುವ 25 ಕಿಲೋ ಉಪ್ಪಿನ ಚೀಲ ಹತ್ತೇ ದಿನಗಳಲ್ಲಿ ಖಾಲಿಯಾಗುತ್ತಿತ್ತು. ಯಂತ್ರ ಅಳವಡಿಸಿದವರನ್ನು ಕೇಳಿದಾಗ, ನಿಮ್ಮ ನೀರು ಅಷ್ಟು ಗಡಸಾಗಿದೆ ಎಂದರು. ನಾನು ನಂಬಿದೆ.

ಬಳಿಕ ಒಮ್ಮೆ ಎರಡು ವಾರ ಮನೆಗೆ ಬೀಗ ಹಾಕಿ ಹೊರಡಬೇಕಾಗಿ ಬಂದಾಗ ನೀರಿನ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡು ಹೋಗಿದ್ದೆ. ಹಿಂದಿರುಗಿ ನೋಡಿದರೆ, ಯಾರೂ ಇಲ್ಲದ ಮನೆಯಲ್ಲಿ 3,800 ಲೀಟರಿನಷ್ಟು ನೀರು ಖರ್ಚಾಗಿತ್ತು. ನೆಲದಡಿಯ ಪೈಪು ಒಡೆದಿರಬೇಕೆಂದು ಮೊದಲು ಗಾಬರಿಯಾಯಿತು. ಆ ರಾತ್ರಿ ನಿದ್ದೆ ಬಾರದೆ ಎದ್ದು, ಗಡಿಯಾರ ಎರಡು ದಾಟಿದ ಮೇಲೆ ಟಾರ್ಚ್ ಹಿಡಿದು ಮೀಟರಿನ ಮುಂದೆ ಕುಳಿತಾಗ, ಅದರೊಳಗಿನ ಸಣ್ಣ ಚಕ್ರ ಬಿಡುವಿಲ್ಲದೆ ತಿರುಗುತ್ತಿತ್ತು. ಒಳಗೆ ಬಂದು ಒಂದೊಂದೇ ಪೈಪಿಗೆ ಕಿವಿಯಿಟ್ಟು ಆಲಿಸುತ್ತ ಹೋದೆ. ಸಾಫ್ಟನರಿನಿಂದ ಗೋಡೆಯೊಳಕ್ಕೆ ಹೋಗಿದ್ದ ಡ್ರೈನ್ ಪೈಪಿನಲ್ಲಿ ನೀರು ರಭಸದಿಂದ ಹರಿಯುವ ಸದ್ದು ಕೇಳಿಸಿತು. ಆ ಪೈಪಿನ ತುದಿಯನ್ನು ತ್ಯಾಜ್ಯದ ಕೊಳವೆಯೊಳಗೆ ತೂರಿಸಿ ಭದ್ರವಾಗಿ ಮುಚ್ಚಿಬಿಟ್ಟಿದ್ದರಿಂದ ಅಷ್ಟು ತಿಂಗಳೂ ನಮ್ಮ ಕಣ್ಣಿಗೆ ಒಂದು ಹನಿಯೂ ಬಿದ್ದಿರಲಿಲ್ಲ.

ಮರುದಿನ ಆ ಪೈಪನ್ನು ಬಿಡಿಸಿ, ಯಂತ್ರವನ್ನು ಕೈಯಿಂದಲೇ ಚಾಲೂ ಮಾಡಿ, ಬಕೆಟ್ ಇಟ್ಟು ಅಳೆದೆ. 10 ಲೀಟರಿನ ಬಕೆಟ್ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ತುಂಬಿತು. ಅಂದರೆ ನಿಮಿಷಕ್ಕೆ ಸುಮಾರು 9 ಲೀಟರ್.

ಇಷ್ಟು ನೀರು ಯಾಕೆ ಬೇಕೆಂಬುದನ್ನು ತಿಳಿದುಕೊಳ್ಳುವುದು ಅಗತ್ಯ. ಸಾಫ್ಟನರಿನ ಉದ್ದನೆಯ ಸಿಲಿಂಡರಿನಲ್ಲಿ ರೆಸಿನ್ ಎಂಬ ಸಣ್ಣ ಸಣ್ಣ ಮಣಿಗಳಿರುತ್ತವೆ. ನೀರನ್ನು ಗಡಸಾಗಿಸುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಂಶಗಳನ್ನು ಅವು ಹಿಡಿದಿಟ್ಟುಕೊಂಡು, ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳಲ್ಲಿ ಇನ್ನು ಜಾಗವಿಲ್ಲ ಎಂಬ ಹಂತ ಬಂದಾಗ ಉಪ್ಪುನೀರು ಹಾಯಿಸಿ ಅವುಗಳನ್ನು ಮತ್ತೆ ಸಿದ್ಧಗೊಳಿಸುವುದೇ ರೀಜನರೇಶನ್. ನಮ್ಮ ಯಂತ್ರದಲ್ಲಿ ಮೊದಲು ಹತ್ತು ನಿಮಿಷ ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ಮಣಿಗಳನ್ನು ಸಡಿಲಿಸುವ ಬ್ಯಾಕ್‌ವಾಶ್ ನಡೆಯುತ್ತದೆ. ಅದಕ್ಕೆ 90 ಲೀಟರ್. ಆಮೇಲೆ ಒಂದು ಗಂಟೆ ಕಾಲ ಉಪ್ಪುನೀರು ನಿಧಾನವಾಗಿ ಇಳಿದು, ಅದರ ಹಿಂದೆಯೇ ಸಾದಾ ನೀರೂ ಅಷ್ಟೇ ನಿಧಾನವಾಗಿ ಹಾಯುತ್ತದೆ. ಅದಕ್ಕೆ ಸುಮಾರು 100 ಲೀಟರ್. ಉಳಿದ ಉಪ್ಪನ್ನು ತೊಳೆಯಲು ಎಂಟು ನಿಮಿಷದ ರಭಸದ ಹರಿವಿಗೆ ಇನ್ನೊಂದು 72 ಲೀಟರ್, ಉಪ್ಪಿನ ತೊಟ್ಟಿಗೆ ಮತ್ತೆ ನೀರು ತುಂಬಲು 7 ಲೀಟರ್. ಇದರಲ್ಲಿ ಯಾವ ಹಂತವೂ ಅನಗತ್ಯವಲ್ಲ. ಅನಗತ್ಯವಾಗಿದ್ದದ್ದು ಇಡೀ ಕ್ರಮವನ್ನು ದಿನಾಲೂ ನಡೆಸುವುದು.

ಲೆಕ್ಕ ಹಾಕುವುದು ಕಷ್ಟವೇನಲ್ಲ. ನಮ್ಮ ನೀರಿನ ಗಡಸುತನ ಲೀಟರಿಗೆ 300 ಮಿಲಿಗ್ರಾಂ, ಯಂತ್ರದಲ್ಲಿರುವ ರೆಸಿನ್ 25 ಲೀಟರ್. ಒಂದು ಸಲಕ್ಕೆ 2.5 ಕಿಲೋ ಉಪ್ಪು ಬಳಸಿದರೆ ಅಷ್ಟು ರೆಸಿನ್ ಸುಮಾರು 1,200 ಗ್ರಾಂ ಗಡಸುತನವನ್ನು ಹಿಡಿಯಬಲ್ಲದು. ಅಂದರೆ 4,000 ಲೀಟರ್ ನೀರು ಮೆದುವಾಗುವವರೆಗೆ ರೀಜನರೇಶನ್ ಬೇಕಿಲ್ಲ. ದಿನಕ್ಕೆ 600 ಲೀಟರ್ ಬಳಸುವ ಮನೆಗೆ ಅದು ಆರು ದಿನ ದಾಟಿ ಬರುತ್ತದೆ. ಒಂದು ದಿನದ ಬಳಕೆಯನ್ನು ಕಾದಿರಿಸಿದರೂ ಐದು ದಿನಗಳಿಗೊಮ್ಮೆ ಮಾಡಿದರೆ ಧಾರಾಳವಾಗಿ ಸಾಕು. ಯಂತ್ರ ಕೂಡಿಸಿದವರು ನೀರಿನ ಗಡಸುತನವನ್ನು ಅಳೆಯಲೂ ಇಲ್ಲ, ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಲೂ ಇಲ್ಲ. ಗಡಿಯಾರವನ್ನು ಪ್ರತಿ ರಾತ್ರಿ ಎರಡಕ್ಕೆ ಹೊಂದಿಸಿ ಹೊರಟುಬಿಟ್ಟರು. ಹಾಗೆ ಏಳು ತಿಂಗಳಲ್ಲಿ ವ್ಯರ್ಥವಾಗಿ ಹೋದದ್ದು ಸುಮಾರು 45,000 ಲೀಟರ್. ಜೊತೆಗೆ ನೂರಾರು ಕಿಲೋ ಉಪ್ಪು ನೀರಿನಲ್ಲಿ ಕರಗಿ ಮೋರಿ ಸೇರಿತು. ಅದನ್ನು ಮುಂದೆ ಎಲ್ಲಿಯ ಮಣ್ಣೋ ಎಲ್ಲಿಯ ಹೊಳೆಯೋ ತಾಳಿಕೊಳ್ಳಬೇಕು ಎಂಬುದು ನನ್ನನ್ನು ಬಿಲ್ಲಿಗಿಂತ ಹೆಚ್ಚಾಗಿ ಕಾಡುತ್ತದೆ.

ಹೀಗೆ ದಿನ ಎಣಿಸಿ ನಡೆಯುವುದು ಟೈಮರ್ ಇರುವ ಯಂತ್ರಗಳ ಸ್ವಭಾವ. ಮನೆಯಲ್ಲಿ ಜನ ಇದ್ದರೂ ಇಲ್ಲದಿದ್ದರೂ ಗೊತ್ತುಪಡಿಸಿದ ದಿನ ಅವು ತೊಳೆದುಕೊಳ್ಳುತ್ತವೆ. ಮೀಟರ್ ಇರುವ ಯಂತ್ರಗಳು ಹಾದುಹೋದ ನೀರನ್ನು ಎಣಿಸಿ, ನಿಗದಿಯಾದಷ್ಟು ಬಳಕೆಯಾದ ಮೇಲಷ್ಟೇ ರೀಜನರೇಶನ್ ಆರಂಭಿಸುತ್ತವೆ. ಹೊಸದಾಗಿ ಕೊಳ್ಳುವವರು ಸ್ವಲ್ಪ ಹೆಚ್ಚು ಹಣವಾದರೂ ಮೀಟರ್ ಇರುವುದನ್ನೇ ಕೊಳ್ಳುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅದರಲ್ಲೂ ಗಡಸುತನದ ಅಂಕಿಯನ್ನು ಇರುವುದಕ್ಕಿಂತ ಹೆಚ್ಚಾಗಿ ನಮೂದಿಸಿಬಿಟ್ಟರೆ ಪರಿಣಾಮ ನಮಗಾದಂತೆಯೇ ಆಗುತ್ತದೆ. ಆದ್ದರಿಂದ ನೀರನ್ನು ನಿಮ್ಮೆದುರಿಗೇ ಪರೀಕ್ಷಿಸಿ, ಆ ಅಂಕಿಯನ್ನೇ ತುಂಬಿಸುವಂತೆ ಹೇಳಿ.

ದಿನಗಳನ್ನು ಸರಿಪಡಿಸಿದ ಮೇಲೂ ನಮಗೆ ಇನ್ನೊಂದು ತೊಂದರೆ ಕಾದಿತ್ತು. ಒಂದು ರಾತ್ರಿ ಬ್ಯಾಕ್‌ವಾಶ್ ನಡೆಯುತ್ತಿರುವಾಗಲೇ ಕರೆಂಟು ಹೋಯಿತು. ಹಂತಕ್ಕೆ ತಕ್ಕಂತೆ ನೀರಿನ ದಾರಿ ಬದಲಿಸುವ ನಮ್ಮ ಯಂತ್ರದ ವಾಲ್ವಿನೊಳಗಿನ ಪಿಸ್ಟನ್ ಕರೆಂಟಿಲ್ಲದೆ ಮುಂದಕ್ಕೆ ಸರಿಯುವುದಿಲ್ಲ; ನಳದಲ್ಲಿ ಒತ್ತಡ ಇರುವವರೆಗೂ ನೀರು ಹರಿಯುತ್ತಲೇ ಇರುತ್ತದೆ. ನಾನು ಎಚ್ಚರಗೊಂಡು, ನೀರು ಯಂತ್ರದೊಳಗೆ ಹೋಗದೆ ನೇರವಾಗಿ ಮನೆಗೆ ಹರಿಯುವಂತೆ ಮಾಡುವ ಬೈಪಾಸ್ ತಿರುಗಿಸುವ ಹೊತ್ತಿಗೆ ನಾಲ್ಕು ಗಂಟೆ ಕಳೆದಿತ್ತು, 2,000 ಲೀಟರಿಗೂ ಹೆಚ್ಚು ನೀರು ಹೋಗಿತ್ತು. ಬೈಪಾಸ್ ವಾಲ್ವ್ ಎಲ್ಲಿದೆ, ಯಾವ ಕಡೆಗೆ ತಿರುಗಿಸಬೇಕು ಎಂಬುದನ್ನು ಮನೆಯ ಪ್ರತಿಯೊಬ್ಬರಿಗೂ ತೋರಿಸಿಕೊಡಿ. ಊರಿಗೆ ಹೊರಡುವಾಗ ಅದನ್ನು ಹಾಕಿಯೇ ಹೋಗಿ. ಕರೆಂಟು ಹೋಗಿ ಬಂದಾಗ ಗಡಿಯಾರದ ಸಮಯವನ್ನೂ ನೋಡಬೇಕು, ಏಕೆಂದರೆ ಕೆಲವು ಯಂತ್ರಗಳಲ್ಲಿ ಅದು ಹಿಂದೆ ಬಿದ್ದು ರೀಜನರೇಶನ್ ಹಗಲಿನಲ್ಲಿ ನಡೆಯುತ್ತದೆ; ಆ ಹೊತ್ತಿನಲ್ಲಿ ಮನೆಗೆ ಬರುವುದು ಗಡಸು ನೀರೇ.

ಎಲ್ಲಕ್ಕಿಂತ ಮೊದಲು, ಇಂದೇ ಮಾಡಬಹುದಾದದ್ದೊಂದಿದೆ. ರೀಜನರೇಶನ್ ಇಲ್ಲದ ವೇಳೆಯಲ್ಲಿ ಡ್ರೈನ್ ಪೈಪಿನ ಬಾಯಿಯನ್ನು ನೋಡಿ. ಅಲ್ಲಿ ಸಣ್ಣಗೆ ನೀರು ಜಿನುಗುತ್ತಿದ್ದರೆ ವಾಲ್ವಿನೊಳಗಿನ ರಬ್ಬರ್ ಸೀಲು ಸವೆದಿರುವ ಸಾಧ್ಯತೆ ಹೆಚ್ಚು. ನಿಮಿಷಕ್ಕೆ ಅರ್ಧ ಲೀಟರ್ ಸೋರಿದರೂ ದಿನಕ್ಕೆ 720 ಲೀಟರ್ ಆಗುತ್ತದೆ. ನಾವೀಗ ಪೈಪಿನ ತುದಿಯನ್ನು ಮೋರಿಯ ಜಾಲರಿಯಿಂದ ನಾಲ್ಕು ಬೆರಳು ಮೇಲಕ್ಕೆ, ಎಲ್ಲರಿಗೂ ಕಾಣುವಂತೆ ಕಟ್ಟಿಸಿದ್ದೇವೆ. ಹೀಗೆ ಅಂತರವಿಟ್ಟರೆ ಮೋರಿಯ ಕೊಳಕು ನೀರು ಯಂತ್ರದೊಳಕ್ಕೆ ಹಿಮ್ಮುಖವಾಗಿ ಬರುವ ಭಯವೂ ಇರುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜಲು ಹೋಗುವಾಗ ಮಗಳೇ ಅದನ್ನು ಮುಟ್ಟಿ ನೋಡಿ, ಒಣಗಿದೆ ಎಂದು ಕೂಗಿ ಹೇಳುತ್ತಾಳೆ.