ಟ್ಯಾಂಕರ್ ನೀರಿಗೆ ನಾನು ನೆಚ್ಚಿದ್ದು ಹೊಳೆಯುವ ಕಾಗದವನ್ನು

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಸೊಸೈಟಿಗೆ ಮೇ ತಿಂಗಳಲ್ಲಿ ಟ್ಯಾಂಕರ್ ನೀರೇ ಗತಿ. ಹೋದ ವರ್ಷ ಆ ನೀರಿನ ಭಯಕ್ಕೆ ಮುನ್ನೂರೈವತ್ತು ರೂಪಾಯಿಯ ಟಿಡಿಎಸ್ ಮೀಟರ್ ತಂದೆ. 210 ತೋರಿಸಿತು. ಕುಡಿಯುವ ನೀರಿಗೆ ಒಪ್ಪುವ 500ರ ಒಳಗಿದೆಯೆಂದು ಇಡೀ ಮಹಡಿ ನಿಶ್ಚಿಂತವಾಯಿತು. ರಸಾಯನಶಾಸ್ತ್ರ ಕಲಿಸುವ ನಾನೂ ಒಪ್ಪಿಕೊಂಡೆನಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ. ಆ ಮೀಟರ್ ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಅಳೆದು, ಕರಗಿರುವ ಲವಣವನ್ನು ಅಂದಾಜಿಸುತ್ತದೆ, ಅಷ್ಟೇ. ನಮ್ಮ ದೇಶದಲ್ಲಿ ಕುಡಿಯುವ ನೀರಿನಲ್ಲಿ ವಿಷಲೋಹವಾದ ಪಾದರಸದ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಅದರ ಸಾವಿರ ಪಟ್ಟು ಬೆರೆತರೂ ಆ 210 ಕದಲಿತೆಂದು ಹೇಳುವಂತಿಲ್ಲ.

ನೀರಿನಲ್ಲಿ ಅದ್ದಿ ಲೋಹ ಪತ್ತೆ ಮಾಡುವ, ಅಂಗಡಿಯ ಬಣ್ಣದ ಪಟ್ಟಿಗಳು ಮೀಟರಿಗಿಂತ ಮೇಲು. ಆದರೆ ಜೂನ್‌ನ ಹಸಿ ಗಾಳಿಯಲ್ಲಿ ಎರಡು ಸಲ ಮುಚ್ಚಳ ತೆಗೆದದ್ದಕ್ಕೇ ಉಳಿದವು ನೀರು ಸೋಕುವ ಮೊದಲೇ ಬಣ್ಣ ತಿರುಗಿದವು.

ಪಾದರಸ ಪತ್ತೆಗೆ ನಾನು ನೆಚ್ಚಿದ ಹೊಳೆಯುವ ಕಾಗದ ಕಾಲೇಜಿನಲ್ಲೇ ಆದದ್ದು. ಸಿಟ್ರಿಕ್ ಆಮ್ಲವನ್ನೂ ಯೂರಿಯಾವನ್ನೂ ಕಾಯಿಸಿದರೆ 10 ನ್ಯಾನೋಮೀಟರಿಗಿಂತ ಚಿಕ್ಕದಾದ ಕಾರ್ಬನ್ ಕಣಗಳು ಸಿಗುತ್ತವೆ. ಅದರಲ್ಲಿ ಅದ್ದಿ ಒಣಗಿಸಿದ ಫಿಲ್ಟರ್ ಕಾಗದ, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚಿಗೆ ನೀಲಿಯಾಗಿ ಹೊಳೆಯುತ್ತದೆ. ಪಾದರಸದ ಅಯಾನು ಅಂಟಿದರೆ ಮಂಕಾಗುತ್ತದೆ. ಕ್ಯಾಡ್ಮಿಯಂ ಟೆಲ್ಯುರೈಡ್ ನ್ಯಾನೋಹರಳುಗಳೂ ಚೆನ್ನಾಗಿ ಹೊಳೆಯುತ್ತವೆ, ಆದರೆ ಕ್ಯಾಡ್ಮಿಯಂ ತಾನೇ ವಿಷ, ಮನೆಯೊಳಗೆ ಬೇಡ. ಕಚೇರಿಯ ಬಿಳಿ ಕಾಗದವೂ ಆಗದು, ಅದರ ಬಿಳುಪುಕಾರಕವೇ ನೀಲಿ ಹೊಳೆಯುತ್ತದೆ.

ತೊಡಕು ಬಂದದ್ದು ಒಂದು ಬೆಳಿಗ್ಗೆ. ನಲ್ಲಿಯ ಮೊದಲ ನೀರಿಗೆ ಕಾಗದ ಮಂಕಾಯಿತು. ಎದೆ ಝಲ್ಲೆಂದಿತು. ಆ ನೀರಿನಲ್ಲಿ ಅಕ್ಕಿ ತೊಳೆಯಬೇಡವೆಂದು ಅಮ್ಮನಿಗೆ ಹೇಳಿದೆ; ಎರಡು ದಿನ ಕ್ಯಾನ್ ನೀರು ತರಿಸಿದೆವು. ಎದುರುಮನೆಯ ವಿಜಯಪುರದ ಅಕ್ಕ ಕೇಳಿದರು, “ತಮ್ಮಾ, ಮೀಟರ್ ಸರಿ ಇದೆ ಎಂದಿತ್ತಲ್ಲ?” ಉತ್ತರ ನನ್ನಲ್ಲಿರಲಿಲ್ಲ.

ಮೂರನೆಯ ದಿನ ಟ್ಯಾಂಕರಿನ ಕೊಳವೆಯಿಂದಲೇ ನೀರು ಹಿಡಿದು ನೋಡಿದೆ. ಹೊಳಪು ಕುಂದಲಿಲ್ಲ. ಹಾಗಾದರೆ ದೋಷ ನಮ್ಮ ಕಟ್ಟಡದೊಳಗೇ ಇತ್ತು. ನಲ್ಲಿಯ ನೀರಿಗೆ ಒಂದು ಹನಿ ಆಮ್ಲ, ಒಂದು ಹನಿ ಪೊಟ್ಯಾಸಿಯಂ ಥಯೋಸಯನೇಟ್ ಬಿಟ್ಟೆ, ಕೆಂಪಗಾಯಿತು. ಕಬ್ಬಿಣ! ಹಳೆಯ ಕೊಳವೆಯಲ್ಲಿ ರಾತ್ರಿಯೆಲ್ಲ ನಿಂತ ನೀರು ತುಕ್ಕನ್ನು ಹೊತ್ತು ತಂದಿತ್ತು. ಕಬ್ಬಿಣಕ್ಕೂ ಪಾದರಸಕ್ಕೂ ಈ ಕಾಗದ ಒಂದೇ ರೀತಿ ಮಂಕಾಗುತ್ತದೆ, ಯಾವುದೆಂದು ಹೇಳುವುದಿಲ್ಲ. ಅಂದಿನಿಂದ ಆ ಎರಡು ಹನಿಗಳ ಪರೀಕ್ಷೆಯಿಲ್ಲದೆ ಕಾಗದವನ್ನು ನಂಬಿಲ್ಲ.

ಆದರೂ ನನ್ನ ಆಯ್ಕೆ ಅದೇ. ಒಂದು ಚೂರಿಗೆ ಎರಡು ರೂಪಾಯಿಯೂ ಬೀಳುವುದಿಲ್ಲ. ಕತ್ತಲಲ್ಲೇ ನೋಡಬೇಕು, ರಾತ್ರಿ ಹತ್ತಕ್ಕೆ ಬಚ್ಚಲಮನೆಯ ದೀಪ ಆರಿಸಿ ಕೂರುವುದು ನನಗೆ ಒಗ್ಗಿದೆ. ಅಷ್ಟು ವ್ಯವಧಾನವಿಲ್ಲದವರು, ಅಥವಾ ಮನೆಯಲ್ಲಿ ಆಮ್ಲ ಇಡಲಾಗದಷ್ಟು ಚಿಕ್ಕ ಮಕ್ಕಳಿರುವವರು ಇದರ ಗೋಜಿಗೆ ಹೋಗಬಾರದು. ಕಣ್ಣಿಗೆ ಕಾಣುವಷ್ಟು ಮಂಕಾಗಬೇಕಾದರೆ ಪಾದರಸ ಮಿತಿಗಿಂತ ಬಹಳ ಹೆಚ್ಚಿರಬೇಕು. ಆದ್ದರಿಂದ ಹೊಳಪು ಪೂರ್ತಿ ಉಳಿದ ನೀರನ್ನೂ ಪ್ರತಿ ಮೇ ತಿಂಗಳು ಒಂದು ಬಾಟಲಿ ಪ್ರಯೋಗಾಲಯಕ್ಕೆ ಕಳುಹಿಸುತ್ತೇನೆ.