ಮಡಿಕೇರಿ ಮಳೆಗೆ ಟಾರ್ಚಿಗೂ ಚಳಿ: ತಾಮ್ರದ ಪೈಪ್ ಬೆಸುಗೆಯ ಕೈ ಟಾರ್ಚ್, ಮೂರು ಮಳೆಗಾಲದ ನಂತರ

ಬ್ಯೂಟೇನ್ ಡಬ್ಬಿಯ ತಲೆಗೆ ಸಿಕ್ಕಿಸಿ ಹಚ್ಚುವ ಕೈ ಟಾರ್ಚ್ ಇದು. ಉರಿಯ ಡಿಗ್ರಿ, ಡಬ್ಬಿಯ ತೂಕ ಎಲ್ಲ ಪೆಟ್ಟಿಗೆಯ ಮೇಲೇ ಇದೆ, ಬಿಡಿ. ಬೇಸಿಗೆಯಲ್ಲಿ ಕೊಂಡವರು ಐದು ಸ್ಟಾರ್ ಕೊಡುತ್ತಾರೆ. ಕುಶಾಲನಗರದ ಏಪ್ರಿಲ್ ಬಿಸಿಲಿನಲ್ಲಾದರೆ ಕೊಡಬೇಕಾದ್ದೇ: 15 ಮಿ.ಮೀ. ಪೈಪಿನ ಎಲ್ಬೋ (ಪೈಪ್ ತಿರುಗುವಲ್ಲಿ ಹಾಕುವ ಮೊಣಕೈ ತುಂಡು) ಒಂದು ನಿಮಿಷದೊಳಗೆ ಬೆಸುಗೆಗೆ ಕಾದಿರುತ್ತದೆ. ಅದನ್ನೇ ಜುಲೈಯಲ್ಲಿ ಮಡಿಕೇರಿಯ ಬಚ್ಚಲುಮನೆಗೆ ತನ್ನಿ. ಮೊದಲ ಜೋಡಣೆ ಸಲೀಸು. ಎರಡನೆಯದಕ್ಕೆ ಉರಿ ಕುಗ್ಗುತ್ತದೆ. ಮೂರನೆಯದಕ್ಕೆ ಟಾರ್ಚ್ ಬರೀ ಮುಲುಕುತ್ತದೆ. ಡಬ್ಬಿ ಅಲ್ಲಾಡಿಸಿದರೆ ಒಳಗೆ ಅರ್ಧಕ್ಕೂ ಹೆಚ್ಚು ಗ್ಯಾಸ್ ಗುಳುಗುಳು ಅನ್ನುತ್ತಿರುತ್ತದೆ!

ಟಾರ್ಚ್ ಕೆಟ್ಟಿತೆಂದು ಅಂಗಡಿಗೆ ಹಿಂತಿರುಗಿಸುವುದು ಇಲ್ಲೇ. ಕೆಟ್ಟಿರುವುದಿಲ್ಲ. ಬ್ಯೂಟೇನ್ ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಗ್ಯಾಸ್ ಹೊರಗೆ ಹೋದಂತೆಲ್ಲ ಒಳಗಿನ ದ್ರವ ಆವಿಯಾಗಬೇಕು, ಅದಕ್ಕೆ ಬೇಕಾದ ಶಾಖವನ್ನು ಡಬ್ಬಿಯಿಂದಲೇ ಎಳೆದುಕೊಳ್ಳುತ್ತದೆ. ಮೊದಲೇ ತಣ್ಣಗಿರುವ ಡಬ್ಬಿ ಮಂಜುಗಟ್ಟಿದಷ್ಟು ತಣ್ಣಗಾಗಿ, ಮಳೆಗಾಲದ ತೇವಕ್ಕೆ ಮೈತುಂಬ ಬೆವರುತ್ತದೆ, ಒತ್ತಡ ಇಳಿಯುತ್ತದೆ. ಪ್ರೊಪೇನ್ ಬೆರೆಸಿದ ಡಬ್ಬಿ ಸಿಕ್ಕರೆ ಸ್ವಲ್ಪ ಮೇಲು. ಆದರೆ ಪ್ರೊಪೇನ್ ಮೊದಲು ಮುಗಿಯುವುದರಿಂದ ತಳದ ಗ್ಯಾಸಿಗೆ ಅದೇ ಹಳೇ ರೋಗ.

ಮದ್ದು ಸುಲಭ. ಬಕೆಟಿನಲ್ಲಿ ಮಗುವಿಗೆ ಸ್ನಾನ ಮಾಡಿಸುವಷ್ಟು ಬಿಸಿಯ ನೀರು, ನಾಲ್ಕು ಬೆರಳಿನಷ್ಟು. ಟಾರ್ಚ್ ಕಳಚಿದ ಡಬ್ಬಿಯನ್ನು ಐದು ನಿಮಿಷ ಅದರಲ್ಲಿ ನಿಲ್ಲಿಸಿ, ಒರೆಸಿ ಹಚ್ಚಿ. ಎರಡು ಡಬ್ಬಿ ಇದ್ದರೆ ಒಂದು ಕೈಯಲ್ಲಿ, ಒಂದು ನೀರಿನಲ್ಲಿ. ಕೈ ಇಡಲಾಗದಷ್ಟು ಬಿಸಿ ನೀರು ಬೇಡ, ಒಲೆಯ ಪಕ್ಕ ಇಡುವುದಂತೂ ಬೇಡವೇ ಬೇಡ. ಇನ್ನೊಂದು: ತಣ್ಣಗಿರುವ ಟಾರ್ಚನ್ನು ತಲೆಕೆಳಗೆ ಬಾಗಿಸಿದರೆ ಆವಿಯ ಬದಲು ದ್ರವವೇ ಮೂತಿಗೆ ಬಂದು ಮೊಳದುದ್ದ ಹಳದಿ ಉರಿ ಚಿಮ್ಮುತ್ತದೆ. ಮೊದಲೆರಡು ನಿಮಿಷ ನೆಟ್ಟಗೆ ಹಿಡಿದಿರಿ.

ಇಷ್ಟು ಗೊತ್ತಾದ ಮೇಲೆ ಸಿಟ್ಟು ಇಳಿಯಿತು. ಏಕೆಂದರೆ ಈ ಟಾರ್ಚಿನ ತಲೆಗೆ ಕಟ್ಟುವ ತಪ್ಪುಗಳಲ್ಲಿ ಹೆಚ್ಚಿನವು ಪೈಪಿನವು.

ಮುಖ್ಯವಾದದ್ದು ಒಳಗೆ ಉಳಿದ ನೀರು. ಸೀಸವಿಲ್ಲದ ತವರ-ತಾಮ್ರದ ಬೆಸುಗೆ ತಂತಿ ಕರಗಲು ಕಡಿಮೆಯೆಂದರೂ 227 ಡಿಗ್ರಿ ಬೇಕು. ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96ಕ್ಕೇ ಕುದಿಯುತ್ತದೆ. ನೀರು ಇರುವ ತನಕ ಪೈಪ್ ಅಲ್ಲೇ ನಿಂತಿರುತ್ತದೆ, ಎಷ್ಟು ಗ್ಯಾಸ್ ಸುರಿದರೂ ಅಷ್ಟೇ. ಅಟ್ಟದ ಟ್ಯಾಂಕಿನ ಹಳೇ ಗೇಟ್ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ, ತೊಟ್ಟಿಕ್ಕುತ್ತಲೇ ಇರುತ್ತದೆ. ಕೆಳಗಿನ ನಲ್ಲಿ ತೆರೆದಿಡಿ, ಅಂಚು ತೆಗೆದ ಬಿಳಿ ಬ್ರೆಡ್ಡನ್ನು ಉಂಡೆ ಮಾಡಿ ಜೋಡಣೆಯಿಂದ ಒಂದು ಗೇಣು ಹಿಂದಕ್ಕೆ ತುರುಕಿ, ಸಿಕ್ಕ ಎರಡು ನಿಮಿಷದಲ್ಲಿ ಕೆಲಸ ಮುಗಿಸಿ. ಬ್ರೆಡ್ ನೀರಿಗೆ ಕರಗಿ ನಲ್ಲಿಯಲ್ಲಿ ಹೋಗುತ್ತದೆ, ಹೋಗುವ ಮುಂಚೆ ನಲ್ಲಿಯ ಜಾಲರಿ ಬಿಚ್ಚಿಡಿ. ನಿನ್ನೆಯ ಅಕ್ಕಿ ರೊಟ್ಟಿಯ ಪ್ರಯೋಗ ಬೇಡ, ಅದು ಅಲ್ಲೇ ಸಂಸಾರ ಹೂಡೀತು. ನಲ್ಲಿ ತೆರೆದಿಡುವುದಕ್ಕೆ ಇನ್ನೊಂದು ಕಾರಣವೂ ಇದೆ: ಒಳಗಿನ ಹಬೆಗೆ ದಾರಿ ಇಲ್ಲದಿದ್ದರೆ ಅದು ಕರಗಿದ ಬೆಸುಗೆಯನ್ನೇ ತೂತು ಮಾಡಿಕೊಂಡು ಹೊರಬರುತ್ತದೆ.

ಎರಡನೆಯದು ಅಳತೆ. ಎಸಿ ರಿಪೇರಿ ಅಂಗಡಿಯ ತಾಮ್ರದ ಪೈಪ್ ಇಂಚಿನ ಲೆಕ್ಕದ್ದು, ಐದೆಂಟಾಂಶ ಇಂಚು ಎಂದರೆ 15.88 ಮಿ.ಮೀ. ಅದು 15 ಮಿ.ಮೀ. ಎಲ್ಬೋದೊಳಗೆ ಹೋಗದು. ಉಜ್ಜಿ ತೂರಿಸಲು ಹೋಗಬೇಡಿ, ಎರಡನ್ನೂ ಒಂದೇ ಕಡೆ ಕೊಳ್ಳಿ.

ಇನ್ನು ಈ ಕೆಲಸದ ಸುಖ. ಪೈಪಿನ ತುದಿಯನ್ನು ಎಮರಿ ಪೇಪರಿನಿಂದ ಹೊಸ ನಾಣ್ಯದ ಹೊಳಪು ಬರುವವರೆಗೆ ಉಜ್ಜುವುದು, ಫಿಟಿಂಗಿನ ಒಳಮೈಯನ್ನೂ. ಮತ್ತೆ ಬೆರಳು ಮುಟ್ಟಿಸಬಾರದು. ತೆಳುವಾಗಿ ಫ್ಲಕ್ಸ್, ಅಂದರೆ ಬೆಸುಗೆ ಹಿಡಿಯುವಂತೆ ಲೋಹದ ಮೈ ಶುಚಿ ಮಾಡುವ ಲೇಪ, ಸವರುವುದು. ಪಾತ್ರೆಗೆ ಕಲಾಯಿ ಹಾಕುವವರಿಗೆ ನವಸಾಗರ ಮಾಡಿಕೊಡುವ ಕೆಲಸವನ್ನೇ ಇದು ಮಾಡುವುದು. ತೂರಿಸಿ ಅರ್ಧ ಸುತ್ತು ತಿರುಗಿಸಿ, ಉರಿಯನ್ನು ಪೈಪಿಗಲ್ಲ, ಫಿಟಿಂಗಿಗೆ ಕೊಡಿ. ತಂತಿಯನ್ನು ಉರಿಯ ಎದುರು ಬದಿಯಲ್ಲಿ ಮುಟ್ಟಿಸಿ ನೋಡಿ. ಕರಗದಿದ್ದರೆ ಇನ್ನಷ್ಟು ಕಾಯಿಸಿ. ಕರಗಿತೋ, ಉರಿ ಪಕ್ಕಕ್ಕೆ. ಆಗ ಬೆಳ್ಳಿಯ ಗೆರೆಯೊಂದು ಸುತ್ತಲೂ ಸರ್ರನೆ ಓಡಿ ಸಂದಿಯೊಳಗೆ ಹೀರಿಕೊಳ್ಳುತ್ತದಲ್ಲ, ಅದನ್ನು ನೋಡಲೆಂದೇ ಇನ್ನೊಂದು ಜೋಡಣೆ ಮಾಡಬೇಕೆನಿಸುತ್ತದೆ. 15 ಮಿ.ಮೀ. ಪೈಪಿಗೆ ಸುಮಾರು 15 ಮಿ.ಮೀ. ತಂತಿ ಸಾಕು, ಮಿಕ್ಕಿದ್ದು ತೊಟ್ಟಾಗಿ ನೇತಾಡುತ್ತದೆ. ಫ್ಲಕ್ಸ್ ಕಪ್ಪಾಗಿ ಬೆಸುಗೆ ಗೋಲಿಯಂತೆ ಉರುಳಿದರೆ ಕಾಯಿಸಿದ್ದು ಹೆಚ್ಚಾಯಿತು. ಆರಿಸಿ, ಬಿಚ್ಚಿ, ಮೊದಲಿಂದ ಉಜ್ಜಿ. ಹೊಳಪು ಮಂಕಾಗುವವರೆಗೆ ಅಲುಗಿಸದೆ, ನೀರು ಎರಚದೆ ಬಿಡಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಒರೆಸದ ಫ್ಲಕ್ಸ್ ಈ ತೇವದಲ್ಲಿ ಒಂದೇ ವಾರಕ್ಕೆ ಹಸಿರು ಕಿಲುಬು ಹಿಡಿಸುತ್ತದೆ.

ರೇಡಿಯೋ ರಿಪೇರಿಯ 60-40 ತಂತಿ ಬೇಗ ಕರಗುತ್ತದೆ, ನಿಜ. ಅದರಲ್ಲಿ ಸೀಸವಿದೆ. ಬಚ್ಚಲಿನ ಬಿಸಿನೀರು ಅಡುಗೆಮನೆಗೂ ಹೋಗುವ ಮನೆಗಳಲ್ಲಿ ಅದು ಬೇಡ. ಸೌದೆ ಬಾಯ್ಲರಿನಲ್ಲಿ ಉರಿ ನೇರ ತಾಕುವ ಜೋಡಣೆಗೆ ಇಂಥ ಬೆಸುಗೆಯೇ ಸಲ್ಲದು. ಟ್ಯಾಂಕ್ ಖಾಲಿಯಾದ ಒಂದು ಬೆಳಿಗ್ಗೆ ಸಾಕು, ಕರಗಿ ಬೀಳುತ್ತದೆ. ಅಲ್ಲಿಗೆ ಬ್ರೇಜಿಂಗ್ (ಇನ್ನೂ ಹೆಚ್ಚು ಕಾವಿಗೆ ಕರಗುವ ಲೋಹದ ಬೆಸುಗೆ) ಮಾಡುವವರನ್ನೇ ಕರೆಸಿ. ಬಾಲ್ ವಾಲ್ವ್ ಪಕ್ಕದಲ್ಲಿ ಕಾಯಿಸುವಾಗ ಅದನ್ನು ತೆರೆದು, ಒದ್ದೆ ಬಟ್ಟೆ ಸುತ್ತಿ. ಒಳಗಿನ ಟೆಫ್ಲಾನ್ ಸೀಟು ಉರಿ ತಾಳದು. ಮರದ ತೊಲೆ, ಜೇಡರ ಬಲೆ ಇದ್ದಲ್ಲಿ ನೆನೆಸಿದ ಕಾಫಿ ಗೋಣಿಯನ್ನು ಹಿಂದೆ ಕಟ್ಟಿ, ಕೆಲಸವಾದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ.

ಸುಮಾರು 500 ರೂಪಾಯಿಗೆ ಒಂದು ಮನೆಯ ರಿಪೇರಿಗೆ ಸಾಕಾದ ಸಾಮಾನು. 28 ಮಿ.ಮೀ. ಪೈಪಿಗೆ, ಹೋಮ್‌ಸ್ಟೇಯ ಆರು ಬಚ್ಚಲಿಗೆ ಇದನ್ನು ನಂಬಿ ಕೂರಬೇಡಿ. ಮೂರೂವರೆ ಸ್ಟಾರ್. ಅರ್ಧ ಕಡಿದದ್ದು ಕಿಡಿ ಹೊಡೆಯುವ ಗುಂಡಿಗೆ: ಎರಡನೇ ಮಳೆಗಾಲದಲ್ಲೇ ಅದು ಸುಮ್ಮನಾಗಿದೆ, ಈಗ ಗ್ಯಾಸ್ ಒಲೆಯ ಲೈಟರ್ ಪಕ್ಕದಲ್ಲಿಟ್ಟುಕೊಂಡೇ ಕೂರಬೇಕು.