ಏಳನೇ ದಿನ ಐದು ಸ್ಟಾರ್, ಐದನೇ ತಿಂಗಳು ಒಂದೇ ಸ್ಟಾರ್

21 ದಿನದ ತೂಕ ಇಳಿಸುವ ಪುಡಿಗೆ ಒಂದು ಸ್ಟಾರ್ ಕೊಡುತ್ತಿದ್ದೇನೆ. ಅದೂ ಪುಡಿ ಕಲಸಲು ಜೊತೆಗೆ ಬಂದ ಶೇಕರ್ ಬಾಟಲಿಗೆ. ಅದರ ಮುಚ್ಚಳ ನಿಜಕ್ಕೂ ಗಟ್ಟಿ, ತಲೆಕೆಳಗು ಮಾಡಿದರೂ ಒಂದು ಹನಿ ಸೋರಲ್ಲ. ಈಗ ಅದರಲ್ಲಿ ಗುಂಡಿ ತುಂಬಿಟ್ಟಿದ್ದೇನೆ.

ನಾನು ಟೈಲರ್. ಹತ್ತೊಂಬತ್ತು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಕೂತೇ ಮಾಡುವ ಕೆಲಸ. ವಯಸ್ಸು 44, ತೂಕ 74 ಕೆಜಿ. ಒಂದು ರಾತ್ರಿ ಫೋನಿನಲ್ಲಿ ಜಾಹೀರಾತು ಬಂತು: 21 ದಿನ, 10 ಕೆಜಿ, ವ್ಯಾಯಾಮ ಬೇಡ. ನಿದ್ದೆಗಣ್ಣಲ್ಲೇ ದುಡ್ಡು ಕಟ್ಟಿಬಿಟ್ಟೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೆಸರು ಬೇರೆ, ಡಬ್ಬಿಯ ಬಣ್ಣ ಬೇರೆ, ಒಳಗಿನ ಸರಕು ಇದೇ ಆಗಿರುವಂಥವು ಬರುತ್ತಲೇ ಇರುತ್ತವೆ.

ಡಬ್ಬಿ ಹೇಳಿದ ದಿನಕ್ಕೇ ಬಂತು. ಒಳಗೆ 63 ಪುಡಿ ಪ್ಯಾಕೆಟ್, ಶೇಕರ್, ಗೋಡೆಗೆ ಅಂಟಿಸಲು ತೂಕದ ಚಾರ್ಟು. ಜೊತೆಗೆ ಆ್ಯಪ್‌ನಲ್ಲಿ ಒಬ್ಬ ಕೋಚ್. ದಿನಕ್ಕೆ ಮೂರು ಪ್ಯಾಕೆಟ್ ನೀರಿಗೆ ಕಲಸಿ ಕುಡಿಯಬೇಕು, ಸಂಜೆ ಒಂದು ತಟ್ಟೆ ಹಸಿ ತರಕಾರಿ. ಅಷ್ಟೇ. ಚಾಕೊಲೇಟ್ ರುಚಿಯದು ಕುಡಿಯಬಹುದು. ವೆನಿಲಾ ಅಂತ ಬರೆದಿದ್ದು ಮಾತ್ರ ಸುಣ್ಣ ಕಲಸಿದ ಹಾಗಿತ್ತು.

ಸೇರುವಾಗ ನನ್ನ ಎತ್ತರ, ತೂಕ, ಗುರಿ ತೂಕ, ಕಾರ್ಡ್ ನಂಬರ್ ಕೇಳಿದರು. ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಮಾತ್ರೆ ತಗೋತೀರಾ, ಬಸುರಿಯಾ, ಮಗುವಿಗೆ ಹಾಲು ಕೊಡ್ತಿದ್ದೀರಾ, ಒಂದೂ ಕೇಳಲಿಲ್ಲ. ನನಗೆ ಇವು ಯಾವುದೂ ಇರಲಿಲ್ಲ, ಬಚಾವಾದೆ. ಇನ್ಸುಲಿನ್ ಅಥವಾ ಕೆಲವು ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಊಟ ಹೀಗೆ ಏಕಾಏಕಿ ಇಳಿಸಿದರೆ ರಕ್ತದ ಸಕ್ಕರೆ ಪ್ರಜ್ಞೆ ತಪ್ಪುವಷ್ಟು ಕುಸಿಯಬಹುದು.

ಮೊದಲ ಐದು ದಿನದಲ್ಲಿ 3.4 ಕೆಜಿ ಇಳಿಯಿತು. ಎಷ್ಟು ಖುಷಿಯಾಯಿತು ಅಂದರೆ ತಂಗಿಗೆ ಫೋನ್ ಮಾಡಿ ನೀನೂ ತರಿಸು ಅಂದೆ. ಅವಳು ನನಗಿಂತ ಜಾಣೆ, ತರಿಸಲಿಲ್ಲ.

ಆ ಲೆಕ್ಕವನ್ನು ಆಗಲೇ ಹಾಕಬೇಕಿತ್ತು. ಬಟ್ಟೆಗೆ ಕಾಲು ಇಂಚಿನ ಲೆಕ್ಕ ಹಾಕುವವಳು ನನ್ನ ಮೈಗೆ ಹಾಕಲಿಲ್ಲ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ನನ್ನಂಥವಳು ದಿನಕ್ಕೆ ಖರ್ಚು ಮಾಡುವುದು ಹೆಚ್ಚೆಂದರೆ 1,900. ಐದು ದಿನಕ್ಕೆ 9,500. ನೀರು ಬಿಟ್ಟು ಏನೂ ಮುಟ್ಟದೆ ಕೂತಿದ್ದರೂ ಒಂದೂಕಾಲು ಕೆಜಿ ಕೊಬ್ಬು ಕರಗುವುದಿಲ್ಲ. 21 ದಿನ ಪೂರ್ತಿ ಉಪವಾಸ ಮಾಡಿದರೂ ಐದು ಕೆಜಿಯ ಆಸುಪಾಸು. ಅಂದ ಮೇಲೆ ಹತ್ತು ಕೆಜಿ ಎಲ್ಲಿಂದ ಬರಬೇಕು?

ನೀರಿನಿಂದ. ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸುಮಾರು ಅರ್ಧ ಕೆಜಿ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಪ್ರತಿ ಗ್ರಾಂ ತನ್ನ ಜೊತೆ ಮೂರು ಗ್ರಾಂನಷ್ಟು ನೀರು ಹಿಡಿದುಕೊಂಡಿರುತ್ತದೆ. ಊಟ ಬಿಟ್ಟಾಗ ಮೊದಲು ಖಾಲಿಯಾಗುವುದು ಈ ದಾಸ್ತಾನು, ಹಿಂದೆಯೇ ಆ ನೀರು. ನೆನೆದ ಬಟ್ಟೆ ಒಣಗಿದರೆ ತೂಕ ಇಳಿಯುತ್ತದೆ, ಅಳತೆ ಚಿಕ್ಕದಾಗುತ್ತಾ? ತಕ್ಕಡಿಗೆ ಈ ವ್ಯತ್ಯಾಸ ಗೊತ್ತಿಲ್ಲ.

ಎರಡನೇ ವಾರದಿಂದ ಬೇರೆ ಕಥೆ. ಫ್ಯಾನ್ ಹಾಕಿದರೆ ಚಳಿ. ಮಲಬದ್ಧತೆ. ಬಾಯಲ್ಲಿ ನೇಲ್ ಪಾಲಿಶ್ ಒರೆಸುವ ದ್ರವದಂಥ ವಾಸನೆ, ಅದು ಅಸಿಟೋನ್ ಅಂತೆ. ಕೊಬ್ಬನ್ನೇ ಉರಿಸುವಾಗ ಮೈಯಲ್ಲಿ ತಯಾರಾಗಿ ಉಸಿರಲ್ಲಿ ಹೊರಗೆ ಬರುತ್ತದೆ. ನಮ್ಮ ಮನೆಯವರು ಏನೂ ಅನ್ನಲಿಲ್ಲ, ಮಾತಾಡುವಾಗ ಸ್ವಲ್ಪ ಹಿಂದೆ ಸರಿಯಲು ಶುರು ಮಾಡಿದರು. ಪಾಪ, ಒಬ್ಬ ಹಳೇ ಗಿರಾಕಿ ತೋಳು ಒಂಚೂರು ಬಿಗಿ ಆಯ್ತು ಅಂದಿದ್ದಕ್ಕೆ ಅವರ ಮೇಲೆ ರೇಗಿಬಿಟ್ಟೆ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಅಡುಗೆ ವಿಡಿಯೋ ನೋಡುತ್ತಿದ್ದೆ, ಒಂದಾದ ಮೇಲೊಂದು.

ಇದು ನನ್ನೊಬ್ಬಳ ಹುಚ್ಚು ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು. 1944–45ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರ ಮೇಲೆ ಒಂದು ಪ್ರಯೋಗ ಮಾಡಿದ್ದರು. ಎಲ್ಲರೂ ಒಪ್ಪಿಯೇ ಬಂದವರು. ಆರು ತಿಂಗಳು ಅರೆಹೊಟ್ಟೆ. ಅವರಿಗೂ ಚಳಿ, ಅವರಿಗೂ ಸಿಡುಕು, ಅವರೂ ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಅವರಿಗೆ ದಿನಕ್ಕೆ ಸಿಗುತ್ತಿದ್ದದ್ದು ಸುಮಾರು 1,600 ಕ್ಯಾಲರಿ. ನನ್ನ ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಸೂಜಿಗೆ ದಾರ ಪೋಣಿಸುವ ಕನ್ನಡಕ ಹಾಕಿಕೊಂಡು ಓದಿದೆ. ಮೂರೂ ಸೇರಿ 420. ತರಕಾರಿ ಸೇರಿಸಿದರೂ 500 ದಾಟಲ್ಲ. 800ಕ್ಕಿಂತ ಕಡಿಮೆಯ ಡಯಟ್ ಅಂದರೆ ಡಾಕ್ಟರ ನಿಗಾದಲ್ಲಿ, ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡು ಮಾಡುವಂಥದ್ದು. ನನಗಿದ್ದ ನಿಗಾ ಒಬ್ಬ ಕೋಚ್, ಒಂದಿಷ್ಟು ನಗುಮುಖದ ಇಮೋಜಿ.

ಕೋಚ್‌ಗೆ ಏನು ಹೇಳಿದರೂ ಒಂದೇ ಉತ್ತರ. ತಲೆನೋವು ಅಂದರೆ 'ಮೈಯಲ್ಲಿರೋ ವಿಷ ಹೊರಗೆ ಹೋಗ್ತಿದೆ ಮೇಡಂ'. ಕಾಲು ಹಿಡ್ಕೊಳ್ತಿದೆ ಅಂದರೂ ವಿಷ. ಯಾವ ವಿಷ, ಅದಕ್ಕೊಂದು ಹೆಸರು ಇರುತ್ತಲ್ವಾ ಅಂತ ಕೇಳಿದೆ. ಹೂವಿನ ಚಿತ್ರ ಕಳಿಸಿದರು. ಮೈಯಿಂದ ಬೇಡದ್ದನ್ನು ತೆಗೆದು ಹಾಕುವ ಕೆಲಸವನ್ನು ಲಿವರ್, ಕಿಡ್ನಿ ಹುಟ್ಟಿದಾಗಿನಿಂದ ಸುಮ್ನೆ ಮಾಡಿಕೊಂಡು ಹೋಗ್ತಿವೆ. ಅವಕ್ಕೆ ಪುಡಿ ಬೇಕಿಲ್ಲ.

ಹದಿನೆಂಟನೇ ದಿನ ತಕ್ಕಡಿ ಬಿಟ್ಟು ನನ್ನ ಟೇಪು ತೆಗೆದೆ. ಶುರುವಿನ ದಿನದ ಅಳತೆ ಆರ್ಡರ್ ಪುಸ್ತಕದ ಹಿಂದೆ ಬರೆದಿಟ್ಟಿದ್ದೆ. ತೂಕ 6.1 ಕೆಜಿ ಕಡಿಮೆ. ಸೊಂಟ ಒಂದೂವರೆ ಇಂಚು ಇಳಿದಿತ್ತು, ಸರಿ. ಆದರೆ ತೊಡೆಯೂ ಅಷ್ಟೇ ಇಳಿದಿತ್ತು, ರಟ್ಟೆ ಒಂದು ಇಂಚು. ಟೇಪಿಗೆ ಕೊಬ್ಬು ಯಾವುದು, ಸ್ನಾಯು ಯಾವುದು ಅಂತ ಗೊತ್ತಾಗಲ್ಲ, ನಿಜ. ಮೇಲಿನ ಅಟ್ಟದಿಂದ ಲೈನಿಂಗ್ ಬಟ್ಟೆಯ ಥಾನು ಇಳಿಸಲು ಹೋಗಿ ಕೈ ಸೋತಾಗ ನನಗೆ ಗೊತ್ತಾಯಿತು. ಪ್ಯಾಕೆಟ್‌ನಲ್ಲಿ ಪ್ರೋಟೀನ್ 6 ಗ್ರಾಂ, ದಿನಕ್ಕೆ 18. ನನ್ನ ತೂಕಕ್ಕೆ ಕನಿಷ್ಠ 60 ಗ್ರಾಂನಷ್ಟಾದರೂ ಬೇಕು. ಹೊರಗಿನಿಂದ ಸಿಗದಿದ್ದರೆ ಮೈ ತನ್ನ ಸ್ನಾಯುವನ್ನೇ ಬಿಚ್ಚಿ ಬಳಸಿಕೊಳ್ಳುತ್ತದೆ.

ಮರುದಿನ ಸೂಜಿ ಹಿಡಿದೆ. ದಾರದ ತುದಿ ಸೂಜಿಯ ಕಣ್ಣಿನ ಹತ್ತಿರ ಹೋಗುತ್ತೆ, ಜಾರುತ್ತೆ. ತುದಿ ಕತ್ತರಿಸಿ, ಎಂಜಲು ಹಚ್ಚಿ, ಮತ್ತೆ ಹೊಸೆದು ನೋಡಿದೆ. ಏಳೆಂಟು ಸಲ. ಕಣ್ಣು ಮಂಜಾಗಿದೆ ಅಂದುಕೊಂಡೆ. ಅಲ್ಲ, ಬೆರಳು ನಡುಗುತ್ತಿತ್ತು. ಬೆಳಕಿಗೆ ಹೋಗೋಣ ಅಂತ ಎದ್ದೆ, ಕಣ್ಣು ಕತ್ತಲಾಯಿತು. ಕತ್ತರಿ ಕಾಲಿನ ಪಕ್ಕದಲ್ಲೇ ಬಿತ್ತು, ಕಾಲ ಮೇಲಲ್ಲ.

ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತಾಗ ಸರ್ರನೆ ಇಳಿಯುತ್ತಿತ್ತು. ರಕ್ತದಲ್ಲಿ ಪೊಟ್ಯಾಸಿಯಂ 3.0. ಇರಬೇಕಾದದ್ದು 3.5ರಿಂದ 5. ಇಸಿಜಿ ತೆಗೆಸಿದರು. ಕಾಲು ಹಿಡಿದುಕೊಳ್ಳುತ್ತಿದ್ದದ್ದಕ್ಕೂ ಇದೇ ಕಾರಣ ಇರಬಹುದು, ಇದು ಇನ್ನೂ ಇಳಿದರೆ ಹೃದಯದ ಬಡಿತದ ತಾಳ ತಪ್ಪುತ್ತದೆ ಅಂದರು. 1970ರ ದಶಕದಲ್ಲಿ ಅಮೆರಿಕದಲ್ಲಿ ದ್ರವ ಪ್ರೋಟೀನ್ ಡಯಟ್ ಅಂತ ಒಂದು ಹುಚ್ಚು ಎದ್ದಿತ್ತಂತೆ. ಬರೀ ಅದನ್ನೇ ಕುಡಿದುಕೊಂಡಿದ್ದ ಹತ್ತಾರು ಜನ ಸತ್ತರು, ಅವರಲ್ಲಿ ಹಲವರ ಸಾವಿಗೆ ಹೃದಯದ ತಾಳ ತಪ್ಪಿದ್ದೇ ಕಾರಣ. ಇನ್ನೊಂದು ಮಾತನ್ನೂ ಹೇಳಿದರು: ತುಂಬಾ ದಿನ ಹೊಟ್ಟೆಗಿಲ್ಲದವರು ಒಂದೇ ಸಲ ಹೊಟ್ಟೆ ತುಂಬಾ ತಿಂದರೆ ರಕ್ತದ ಫಾಸ್ಫೇಟ್ ದಿಢೀರನೆ ಕುಸಿದು ಅದೂ ಅಪಾಯ, ನಿಧಾನಕ್ಕೆ ಶುರು ಮಾಡಿ ಅಂತ. ಡಬ್ಬಿಯ ಜೊತೆ ಬಂದ ಪುಸ್ತಕದಲ್ಲಿ 22ನೇ ದಿನದ ಪುಟವೇ ಇರಲಿಲ್ಲ. 'ಅಭಿನಂದನೆಗಳು' ಅಂತ ಇತ್ತು.

ಮನೆ ಊಟ ಶುರುವಾದ ಹತ್ತು ದಿನದಲ್ಲಿ ನಾಲ್ಕು ಕೆಜಿ ವಾಪಸ್. ನೀರು, ಮತ್ತೇನು. ಉಳಿದದ್ದು ನಿಧಾನವಾಗಿ ಬಂತು. ಇವತ್ತು ನಾನು ಶುರುವಿಗಿಂತ 1.2 ಕೆಜಿ ಜಾಸ್ತಿ ಇದ್ದೇನೆ. ಸೊಂಟ ಮೊದಲಿನದಕ್ಕೆ ಬಂದಿದೆ, ರಟ್ಟೆ ಇನ್ನೂ ಬಂದಿಲ್ಲ. ಅಮೆರಿಕದ ಒಂದು ತೂಕ ಇಳಿಸುವ ಟಿವಿ ಸ್ಪರ್ಧೆಯ 14 ಮಂದಿಯನ್ನು ಆರು ವರ್ಷದ ಮೇಲೆ ಪರೀಕ್ಷಿಸಿ 2016ರಲ್ಲಿ ವರದಿ ಬರೆದಿದ್ದಾರೆ. ಸುಮ್ಮನೆ ಕೂತಾಗ ಅವರ ಮೈ ಉರಿಸುತ್ತಿದ್ದದ್ದು ಅಂಥ ಮೈ ಉರಿಸಬೇಕಾದ ಲೆಕ್ಕಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ. ಒಬ್ಬರನ್ನು ಬಿಟ್ಟು ಎಲ್ಲರ ತೂಕವೂ ಮತ್ತೆ ಏರಿತ್ತು.

ಎರಡೂವರೆ ತಿಂಗಳಾದ ಮೇಲೆ ಕೂದಲು. ಮೊದಲು ಗೊತ್ತಾಗಿದ್ದು ಮಶೀನಿನಿಂದ. ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತಿತ್ತು. ಬಾಬಿನ್ ಕೇಸ್ ಬಿಚ್ಚಿ ನೋಡಿದರೆ ಒಳಗೆ ದಾರದ ಜೊತೆ ನನ್ನ ಕೂದಲು ಸುತ್ತಿಕೊಂಡಿದೆ. ಬಾಚಿದರೆ ಹಿಡಿ ಹಿಡಿ. ಮೈಗೆ ದೊಡ್ಡ ಪೆಟ್ಟು ಬಿದ್ದಾಗ ಕೂದಲ ಬುಡಗಳು ಒಟ್ಟಿಗೆ ಬೆಳವಣಿಗೆ ನಿಲ್ಲಿಸಿಬಿಡುತ್ತವೆ, ಉದುರುವುದು ಎರಡು ಮೂರು ತಿಂಗಳು ಬಿಟ್ಟು. ಮತ್ತೆ ಬರುತ್ತೆ ಅಂದಿದ್ದಾರೆ, ಬರ್ತಾ ಇದೆ. ಪಿತ್ತಕೋಶದ ಕಲ್ಲೂ ಹೀಗೇ ತಡವಾಗಿ ಕಾಣಿಸಿಕೊಳ್ಳುವ ಗಿರಾಕಿ. ತೂಕ ವೇಗವಾಗಿ ಇಳಿದಾಗ ಪಿತ್ತರಸದಲ್ಲಿ ಕೊಲೆಸ್ಟರಾಲ್ ಜಾಸ್ತಿಯಾಗುತ್ತದೆ, ಊಟದಲ್ಲಿ ಕೊಬ್ಬೇ ಇಲ್ಲದಿದ್ದರೆ ಕೋಶ ಸರಿಯಾಗಿ ಖಾಲಿಯಾಗಲ್ಲ, ಕಲ್ಲು ಕಟ್ಟುತ್ತದೆ. ನನಗೆ ಸದ್ಯಕ್ಕೆ ಇಲ್ಲ, ಸ್ಕ್ಯಾನ್ ಮಾಡಿಸಿದೆ.

ಈಗ ಆ ಐದು ಸ್ಟಾರ್‌ಗಳ ವಿಷಯ. ಸಾವಿರಾರು ಇವೆ, ಅವನ್ನು ನೋಡಿಯೇ ನಾನು ಕೊಂಡದ್ದು. ಎಲ್ಲ ಸುಳ್ಳು ಅಂತ ನಾನು ಹೇಳಲ್ಲ. ಆ್ಯಪ್ ನಿಮ್ಮ ಅನುಭವ ಹೇಗಿದೆ ಅಂತ ಕೇಳುವುದು ಏಳನೇ ದಿನ. ಅಷ್ಟು ಹೊತ್ತಿಗೆ ನೀರು ಹೋಗಿರುತ್ತದೆ, ಕೂದಲು ತಲೆ ಮೇಲೇ ಇರುತ್ತದೆ. ಮೂರನೇ ತಿಂಗಳಲ್ಲಿ ಕೇಳುವುದಿಲ್ಲ. ಐದನೇ ತಿಂಗಳಲ್ಲಿ ನನಗೆ ಬಂದದ್ದು 'ಹಳೇ ಗ್ರಾಹಕರಿಗೆ ರಿಯಾಯಿತಿ, ಮತ್ತೆ ಶುರು ಮಾಡೋಣವೇ?' ಅನ್ನುವ ಮೆಸೇಜು.

ನನ್ನ ಹಳೇ ವಿಮರ್ಶೆ ತಿದ್ದೋಣ ಅಂತ ಹೋದೆ. 30 ದಿನ ಕಳೆದ ಮೇಲೆ ತಿದ್ದಲು ಆಗುವುದಿಲ್ಲವಂತೆ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಅಲ್ಲಿ ಅದು ಹಾಗೇ ಇದೆ: 'ಐದೇ ದಿನಕ್ಕೆ ಮೂರೂವರೆ ಕೆಜಿ! ಎಲ್ಲರೂ ತಗೊಳ್ಳಿ'. ಕೆಳಗೆ 41 ಜನ ಉಪಯುಕ್ತ ಅಂತ ಒತ್ತಿದ್ದಾರೆ.